ರಘೋತ್ತಮನ ಗಾಡಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಕಾಯಿಲೆ

ಟೇಪು ಸುತ್ತುವುದರಲ್ಲಿ ರಘೋತ್ತಮನನ್ನು ಮೀರಿಸುವವರು ಡೆಟ್ರಾಯಿಟ್ ಪಕ್ಕದ ಇಡೀ ಸೌತ್‌ಫೀಲ್ಡಿನಲ್ಲಿ ಇರಲಿಲ್ಲ. ಅಯ್ಯೋ, ಅದೇನು ಮಹಾ ವಿದ್ಯೆ ಎಂದು ಮೂಗು ಮುರಿಯಬೇಡಿ. ಒಂದು ಕಾರಿನ ಮೈಯೊಳಗೆ ಮೈಲಿಯುದ್ದದ ತಂತಿ ಓಡಾಡುತ್ತದೆ. ಆ ತಂತಿಗಳನ್ನೆಲ್ಲ ಒಟ್ಟುಗೂಡಿಸಿ, ಜಡೆಯ ಹಾಗೆ ಕಟ್ಟಿ, ಎಲ್ಲಿ ಬಾಗಬೇಕೋ ಅಲ್ಲಿ ಬಾಗಿಸಿ, ಎಲ್ಲಿ ಕವಲೊಡೆಯಬೇಕೋ ಅಲ್ಲಿ ಒಡೆಸಿ ಕೊಡುವ ಕಂಪನಿಯೊಂದರಲ್ಲಿ ಅವನು ಹತ್ತೊಂಬತ್ತು ವರ್ಷ ಎಂಜಿನಿಯರಾಗಿದ್ದ. ಟೇಪಿನ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ತುದಿಯನ್ನು ಕೈಯಿಂದ ಹರಿಯಕೂಡದು, ಕತ್ತರಿಯಿಂದಲೇ ಕತ್ತರಿಸಬೇಕು. ಇಷ್ಟು ಕಂಪನಿಯ ನಿಯಮ. ಕತ್ತರಿಸಿದ ತುದಿಯನ್ನು ಕಾಲಂಗುಲ ಒಳಕ್ಕೆ ಮಡಿಸುವುದು ಮಾತ್ರ ರಘೋತ್ತಮನ ಸ್ವಂತ ನಿಯಮ. ಮುಂದೆಂದಾದರೂ ಅದನ್ನು ಬಿಚ್ಚುವವನ ಉಗುರಿಗೆ ಸುಲಭವಾಗಿ ಸಿಗಲಿ ಎಂದು. ಯಾವನೋ ಬಿಚ್ಚುವವನ ಕಷ್ಟ ನಿನಗ್ಯಾಕಯ್ಯಾ ಎಂದು ಜೊತೆಯವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಜನವರಿಯ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅವನನ್ನು ಒಳಗೆ ಕರೆದರು. ಹತ್ತಕ್ಕೆ ರಟ್ಟಿನ ಪೆಟ್ಟಿಗೆ ಕೈಯಲ್ಲಿ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದ. ಅವನೊಬ್ಬನೇ ಏನಲ್ಲ, ಆ ದಿನ ಆ ಲಾಟಿನಲ್ಲಿ ಹಾಗೆ ನಿಂತವರು ನಲವತ್ತು ಜನ. ಕಾರು ಕಂಪನಿಗಳೆಲ್ಲ ಕುಸಿದ ಆ ವರ್ಷ ಡೆಟ್ರಾಯಿಟಿನ ಸುತ್ತಮುತ್ತ ಕೆಲಸ ಹೋಯಿತು ಎನ್ನುವುದು ನೆಗಡಿ ಬಂತು ಎನ್ನುವಷ್ಟು ಸಾಮಾನ್ಯವಾಗಿತ್ತು. ಆದರೆ ನೆಗಡಿ ಬಂದವರೆಲ್ಲ ಒಟ್ಟಿಗೆ ಕೂತು ಸೀನುವುದಿಲ್ಲವಲ್ಲ. ಅವರವರು ಅವರವರ ಮನೆಯ ಬಾಗಿಲು ಹಾಕಿಕೊಂಡರು.

ಹೆಂಡತಿ ಛಾಯಾ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಬೇಸಿಗೆಯಲ್ಲಿ ಅವಳಿಗೆ ಷಿಕಾಗೋ ಬಳಿಯ ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿತು. ಮಗಳು ನಿಹಾರಿಕಾ ಹೈಸ್ಕೂಲಿನಲ್ಲಿದ್ದಳು, ಅವಳೂ ತಾಯಿಯ ಜೊತೆ ಹೊರಟಳು. ಆಗಸ್ಟಿನಲ್ಲಿ ಟ್ರಕ್ಕು ಬಂದು ಸೋಫಾ, ಮಂಚ, ಟಿವಿ, ದೇವರ ಮಂಟಪ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಬೆಳೆಯುವ ಹುಡುಗಿ ಖಾಲಿ ಅಪಾರ್ಟ್‌ಮೆಂಟಿನಲ್ಲಿ ಇರಬಾರದು ಎಂದು ರಘೋತ್ತಮನೇ ಹಟ ಹಿಡಿದು ಕಳಿಸಿದ್ದು.

“ನಂಗೇನು, ಒಬ್ಬನೇ ತಾನೆ. ಎರಡು ತಿಂಗಳು ಕಣೆ, ಅಷ್ಟರಲ್ಲಿ ಕಂಪನಿಯೋರೇ ಕರೀತಾರೆ,” ಎಂದಿದ್ದ.

ಅವನು ಉಳಿದುಕೊಂಡದ್ದಕ್ಕೆ ಹೇಳುತ್ತಿದ್ದ ಕಾರಣಗಳು ಬೇರೆ. ಫಾರ್ಮಿಂಗ್ಟನ್ ಹಿಲ್ಸಿನ ಆ ಮನೆ ಮಾರಾಟವಾಗುತ್ತಿರಲಿಲ್ಲ. ಖಾಲಿ ಬಿಟ್ಟರೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಇವೆಲ್ಲ ನಿಜವೇ. ಆದರೆ ಒಳಗಿನ ಮಾತು ಇನ್ನೊಂದಿತ್ತು: ಹೆಂಡತಿ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಟಾಟಾ ಮಾಡುವ ಗಂಡಸಾಗುವುದು ಅವನಿಂದ ಆಗದ ಕೆಲಸವಾಗಿತ್ತು. ಅದನ್ನು ಅವನು ತನಗೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಮನೆ ಹಾಗಿತ್ತು. ಹೊರಗೆ ಹುಲ್ಲು ಪಕ್ಕದವರಿಗಿಂತ ಚೆನ್ನಾಗಿ ಕತ್ತರಿಸಿರುತ್ತಿತ್ತು. ಒಳಗೆ ಕಾರ್ಪೆಟ್ಟಿನ ಮೇಲೆ ಒಂದು ಹಾಸಿಗೆ, ಒಂದು ರೈಸ್ ಕುಕ್ಕರು. ಹಗಲಲ್ಲೂ ಕಿಟಕಿಯ ಬ್ಲೈಂಡುಗಳನ್ನು ಇಳಿಬಿಟ್ಟಿರುತ್ತಿದ್ದ. ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟ, ಕನ್ನಡ ಕೂಟಕ್ಕೂ ಹೋಗಲಿಲ್ಲ. ಒಂದು ಸಲ ಹೋಗಿದ್ದಾಗ ಪದ್ಮನಾಭ, ಹಳೆಯ ಸ್ನೇಹಿತ, ಇನ್ನೂ ಕೆಲಸದಲ್ಲಿ ಉಳಿದಿದ್ದವನು, ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿ “ರೆಸ್ಯೂಮೆ ಕಳ್ಸಿರು ಮಾರಾಯ, ನೋಡೋಣ” ಎಂದ. ದನಿ ತಗ್ಗಿಸಿದ್ದೇ ತಪ್ಪಾಯಿತು. ರೋಗಿಯ ಮನೆಯಲ್ಲಿ ಹಾಗೆ ಮಾತಾಡುತ್ತಾರೆ.

ಛಾಯಾ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. ಮನೆ ಬೆಚ್ಚಗಿಡುವ ಫರ್ನೇಸು, ಟಪಾಲು, ಮಗಳ ಪರೀಕ್ಷೆ, ಇಷ್ಟು ಆಗುವಷ್ಟರಲ್ಲಿ ಇಬ್ಬರ ಬಳಿಯೂ ಮಾತು ಮುಗಿಯುತ್ತಿತ್ತು. ಮಿಕ್ಕ ಹೊತ್ತಿಗೆ ರಘೋತ್ತಮನಿಗೆ ಇದ್ದ ಮನುಷ್ಯರ ದನಿಯೆಂದರೆ ಮಿನಿವ್ಯಾನಿನ ಸ್ಯಾಟಲೈಟ್ ರೇಡಿಯೋ ಒಂದೇ. ಅದರಲ್ಲಿ ಒಂದು ಮಾತಿನ ಚಾನೆಲ್ಲು ಬರುತ್ತಿತ್ತು. ಯಾವ್ಯಾವುದೋ ಊರಿನವರು ಫೋನು ಮಾಡಿ ತಮ್ಮ ಕೆಲಸ ಹೋದದ್ದು, ಮನೆ ಹೋದದ್ದು, ನಾಯಿಗೆ ಕಾಯಿಲೆಯಾದದ್ದು ಎಲ್ಲ ಹೇಳಿಕೊಳ್ಳುತ್ತಿದ್ದರು. ಆ ರೇಡಿಯೋಗೆ ನೆತ್ತಿಯ ಮೇಲೆ ಬಯಲು ಆಕಾಶವೇ ಬೇಕು, ಗ್ಯಾರೇಜಿನ ಸೂರಿನ ಕೆಳಗೆ ಮೂಕವಾಗುತ್ತದೆ. ಹಾಗಾಗಿ ಅವನು ದಿನಾ ಬೆಳಿಗ್ಗೆ ಹತ್ತಕ್ಕೆ ವ್ಯಾನನ್ನು ಡ್ರೈವ್‌ವೇಗೆ ಇಳಿಸಿ, ಜಾಕೆಟ್ಟು ಹಾಕಿಕೊಂಡು, ಸ್ಟಿಯರಿಂಗ್ ಮುಂದೆ ಕೂತು ಕೇಳುತ್ತಿದ್ದ. ಎದುರು ಮನೆಯ ಅಜ್ಜಿ ಮೊದಮೊದಲು ಕೈಬೀಸುತ್ತಿದ್ದಳು. ಆಮೇಲೆ ಅವಳಿಗೂ ಇದೇನೋ ಸರಿಯಿಲ್ಲ ಅನ್ನಿಸಿರಬೇಕು, ನಿಲ್ಲಿಸಿದಳು.

ನವೆಂಬರಿನಲ್ಲಿ ಆ ರೇಡಿಯೋ ನಿಂತುಹೋಯಿತು. ಪರದೆಯ ಮೇಲೆ ಆಂಟೆನಾ ನೋಡಿಕೊಳ್ಳಿ ಎಂಬ ಸಾಲು ಬಂತು. ಅಷ್ಟೇ, ಮತ್ತೆ ಉಸಿರಿಲ್ಲ.

ರಘೋತ್ತಮನಿಗೆ ಒಳಗೊಳಗೇ ಖುಷಿಯಾಯಿತು ಎಂದರೆ ನಂಬುತ್ತೀರಾ? ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಬರುವ ಕೆಲಸವೊಂದು ಅವನನ್ನು ಹುಡುಕಿಕೊಂಡು ಬಂದಿತ್ತು. ವೈರಿಂಗ್ ಡ್ರಾಯಿಂಗನ್ನು ಪ್ರಿಂಟ್ ಹಾಕಿ ಗ್ಯಾರೇಜಿನ ಗೋಡೆಗೆ ಅಂಟಿಸಿದ. ಫ್ಯೂಸು ನೋಡಿದ. ತಂತಿ ಗಾಡಿಯ ಮೈಗೆ ಕೂಡುವ ಗ್ರೌಂಡ್ ನೋಡಿದ. ಹಿಂಭಾಗದ ಎಡಬದಿಯ ಪ್ಯಾನೆಲ್ ಬಿಚ್ಚಿ ರೇಡಿಯೋ ಅಲೆ ಹಿಡಿಯುವ ಟ್ಯೂನರಿನ ಪ್ಲಗ್ಗುಗಳನ್ನು ಒಂದೊಂದಾಗಿ ತೆಗೆದು ಹಾಕಿದ. ಮೂರು ದಿನ ಕೂತ. ಎಲ್ಲವೂ ಡ್ರಾಯಿಂಗಿನಲ್ಲಿ ಇದ್ದಹಾಗೇ ಸರಿಯಾಗಿತ್ತು, ರೇಡಿಯೋ ಮಾತ್ರ ಸತ್ತಿತ್ತು. ನಾಲ್ಕನೆಯ ದಿನ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಕರಿಬೇವು ತರಲು ಇಂಡಿಯನ್ ಸ್ಟೋರಿಗೆ ಹೋದಾಗ, ಬಾಗಿಲ ಬಳಿಯ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು. ಕಾರ್ ರೇಡಿಯೋ ರಿಪೇರಿ, ಮನೆಗೇ ಬರುತ್ತೇವೆ, ನಜೀಬ್. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿತ್ತು: ಕನ್ನಡ ಮಾತಾಡ್ತೀನಿ.

ನಜೀಬ್ ಬಂದದ್ದು ಒಂದು ಬುಧವಾರ. ನಲವತ್ತೈದರ ಆಸುಪಾಸಿನ ಆಳು, ಗಡ್ಡದಲ್ಲಿ ಬಿಳಿ ಇಣುಕುತ್ತಿತ್ತು. ಗದಗಿನವನು. ಡಿಯರ್‌ಬಾರ್ನ್‌ನಲ್ಲಿ ಕಾರ್ ಸ್ಟೀರಿಯೋ ಅಂಗಡಿ ಇಟ್ಟಿದ್ದವನು, ಹಿಂದಿನ ವರ್ಷ ಮುಚ್ಚಿ ಈಗ ಹಳೆಯ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಮನೆಮನೆಗೆ ತಿರುಗುತ್ತಿದ್ದ.

“ನಮಸ್ಕಾರ್ರೀ ಸರ. ಏನಾಗೇತ್ರಿ ಗಾಡಿಗೆ?”

ಆ ಒಂದು ಮಾತಿಗೆ ರಘೋತ್ತಮನ ಎದೆ ತುಂಬಿಬಂತು. ಮೈಸೂರಿನಲ್ಲಿ ಇದ್ದಾಗ ಈ ಭಾಷೆಯನ್ನು ಅಣಕಿಸಿ ನಕ್ಕವನೇ ಅವನು. ಈಗ ನೋಡಿ. ಗೋಡೆಯ ಡ್ರಾಯಿಂಗಿನ ಮುಂದೆ ನಿಲ್ಲಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದ. ನಜೀಬ್ ಕೈಕಟ್ಟಿಕೊಂಡು ಪೂರಾ ಕೇಳಿದ. ಆಮೇಲೆ ಮಿನಿವ್ಯಾನಿನೊಳಗೆ ತಲೆಹಾಕಿ ಮೇಲೆ ನೋಡಿ ಕೇಳಿದ:

“ಈ ಸಿನಿಮಾ ನೋಡೋ ಸ್ಕ್ರೀನ್ ಯಾವಾಗ ಹಾಕ್ಸೀರಿ?”

“ಅದಾ? ಮೂರು ವರ್ಷ ಆಯ್ತು. ಮಗಳಿಗೆ ಅಂತ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಂಟೆನಾ ಕೇಬಲ್ ಎಡಗಡೆ ಹೋಗುತ್ತೆ.”

“ಡ್ರಾಯಿಂಗ್‌ನಾಗ ಎಡಕ್ಕ ಹೋಗಿರ್ಬೇಕ್ರಿ. ಗಾಡ್ಯಾಗ ಎಲ್ಲಿ ಹೋಗೇತಿ ನೋಡೋಣು.”

ಸ್ಕ್ರೀನನ್ನು ಇಳಿಸಿ ಸೂರಿನ ಬಟ್ಟೆಯ ಸಂದಿಯಲ್ಲಿ ಎರಡು ಬೆರಳು ತೂರಿಸಿದ. ಕೇಬಲ್ಲು ಅಲ್ಲೇ ಇತ್ತು, ನಟ್ಟನಡುವೆ. ಕಾರ್ಖಾನೆಯಲ್ಲಿ ಯಾರೋ ಅದನ್ನು ಅಡ್ಡದಾರಿಯಲ್ಲಿ ಎಳೆದಿದ್ದರು. ಸ್ಕ್ರೀನಿನ ಒಂದು ಸ್ಕ್ರೂ ಅದರ ಮೇಲೆ ಕೂತು, ಮೂರು ಚಳಿಗಾಲ ಒತ್ತಿ ಒತ್ತಿ, ಕೊನೆಗೆ ಚಪ್ಪಟೆ ಮಾಡಿತ್ತು.

“ಕಾಗದಾ ಸುಳ್ಳ ಹೇಳ್ತೈತ್ರಿ, ಕೈ ಹೇಳಂಗಿಲ್ಲ,” ಎಂದು ನಜೀಬ್ ನಕ್ಕ.

ಬೇರೆ ಯಾರಾದರೂ ಹಾಗೆಂದಿದ್ದರೆ ರಘೋತ್ತಮ ಸಿಡಿಯುತ್ತಿದ್ದ. ಅವತ್ತು ಅವನೂ ನಕ್ಕ. ಹೊಸ ಕೇಬಲ್ ಜೋಡಿಸಿದ ಮೇಲೆ ನಜೀಬ್ ಟೇಪನ್ನು ಹಲ್ಲಿನಿಂದ ಹರಿಯಲು ಹೊರಟಾಗ ಮಾತ್ರ ತಡೆಯಲಾಗಲಿಲ್ಲ. “ತನ್ನಿ ಇಲ್ಲಿ, ನಾನು ಸುತ್ತುತೀನಿ” ಎಂದು ಕಸಿದುಕೊಂಡು, ಅರ್ಧಕ್ಕೆ ಅರ್ಧ ಮುಚ್ಚಿ, ಕತ್ತರಿಯಿಂದ ಕತ್ತರಿಸಿ, ತುದಿ ಮಡಿಸಿ ಕೊಟ್ಟ. ನಜೀಬ್ ಅದನ್ನು ತಿರುಗಿಸಿ ನೋಡಿದ. “ಏನ್ ಕೈರೀ ಸರ ನಿಮ್ಮದು! ಬಿಚ್ಚೋ ಮಗನಿಗೂ ಕಷ್ಟ ಆಗಬಾರ್ದು ಅಂತ ಮಡಿಚೀರಲ್ಲ,” ಎಂದ. ಹತ್ತೊಂಬತ್ತು ವರ್ಷದಲ್ಲಿ ಹೇಳದೇ ಅರ್ಥ ಮಾಡಿಕೊಂಡವನು ಇವನೊಬ್ಬನೇ.

ಎರಡು ತಾಸು ಮಾತಾಡಿದರು. ಮಾತಾಡಿದ್ದು ಮುಕ್ಕಾಲು ಪಾಲು ರಘೋತ್ತಮನೇ, ನಜೀಬ್ ಹೂಂಗುಟ್ಟುತ್ತಿದ್ದ. ಆ ರಾತ್ರಿ ರಘೋತ್ತಮನಿಗೆ ತಿಂಗಳುಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಆದರೆ ಮುಂದಿನ ಬುಧವಾರ ಯಾರೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಯಾಕೆ ಬರಬೇಕು? ರೇಡಿಯೋ ಗಿಳಿಯ ಹಾಗೆ ಮಾತಾಡುತ್ತಿತ್ತು. ರಘೋತ್ತಮ ಡ್ರೈವ್‌ವೇಯಲ್ಲಿ ಕೂತು ಅದನ್ನು ಕೇಳುತ್ತಾ, ಛೇ, ಇದು ಯಾಕಾದರೂ ಸರಿಹೋಯಿತೋ ಅಂದುಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ಕೆಟ್ಟ ಬುದ್ಧಿ. ಡಿಸೆಂಬರಿನಲ್ಲಿ ಒಂದು ಸುಟ್ಟ ಫ್ಯೂಸನ್ನು ತಂದು ಒಳ್ಳೆಯ ಫ್ಯೂಸಿನ ಜಾಗದಲ್ಲಿ ಕೂರಿಸಿದ. ಫೋನು ಮಾಡಿ, “ಮತ್ತೆ ಹೋಯ್ತು ನಜೀಬ್, ಏನು ಮಾಡಿದ್ರೂ ಬರ್ತಿಲ್ಲ” ಎಂದ. ಹತ್ತೊಂಬತ್ತು ವರ್ಷ ತಪ್ಪು ಹುಡುಕುವುದನ್ನೇ ಅನ್ನ ಮಾಡಿಕೊಂಡವನು ಈಗ ತಪ್ಪು ಮಾಡಿಡುವುದಕ್ಕೆ ಕೂತ. ಆ ಬುಧವಾರ ಬೆಳಿಗ್ಗೆ ಗಡ್ಡ ಹೆರೆದ, ಇಸ್ತ್ರಿ ಅಂಗಿ ಹಾಕಿದ, ಶುಂಠಿ ಜಜ್ಜಿ ಟೀ ಕಾಸಿದ. ಗ್ಯಾರೇಜಿನಲ್ಲಿ ಪಿಕ್ನಿಕ್ಕಿನ ಮಡಿಸುವ ಕುರ್ಚಿಗಳನ್ನು ಎರಡು ಹಾಕಿ, ನಡುವೆ ಪುಟ್ಟ ಹೀಟರು ಇಟ್ಟ. ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ಮೂಗಿನ ತುದಿ ಮರಗಟ್ಟುವ ಚಳಿ. “ಇಲ್ಲೇ ಬೆಚ್ಚಗಿದೆ ಕೂತ್ಕೊಳ್ಳಿ” ಎಂದ. ಒಳಗೆ ಕರೆದರೆ ಆ ಬೋಳು ಹಜಾರ ಕಾಣುತ್ತದಲ್ಲ! ಎಂಜಿನಿಯರ್ ಸಾಹೇಬರ ಮನೆಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ ಎಂದು ನಜೀಬ್ ಊರೆಲ್ಲ ಹೇಳದಿದ್ದರೂ, ಅವನಿಗೆ ಗೊತ್ತಾಯಿತಲ್ಲ, ಅಷ್ಟೇ ಸಾಕಿತ್ತು ರಘೋತ್ತಮನಿಗೆ ಸಾಯಲು.

ಜನವರಿಯಲ್ಲಿ ಆಂಟೆನಾದ ಪ್ಲಗ್ಗನ್ನು ಅರ್ಧ ಹೊರಗೆ ಎಳೆದಿಟ್ಟ. ಫೆಬ್ರವರಿಯಲ್ಲಿ ಗ್ರೌಂಡಿನ ಬೋಲ್ಟ್ ಸಡಿಲ ಮಾಡಿದ. ಪ್ರತಿ ಸಲವೂ ನಜೀಬ್ ಬಂದ, ಹುಡುಕಿದ, ಸರಿಮಾಡಿದ, ಟೀ ಕುಡಿದ, ತಾಸುಗಟ್ಟಲೆ ಕೇಳಿದ. ಮೈಸೂರಿನ ಕಾಲೇಜು, ಮೊದಲ ಕಂಪನಿ, ಪದ್ಮನಾಭನ ಸಣ್ಣ ದನಿ, ಪರದೇಶದ ಕಾರ್ಖಾನೆಗಳಲ್ಲಿ ತಾನು ತಿರಸ್ಕರಿಸಿದ ಟೇಪಿನ ಸುರುಳಿಗಳು, ಎಲ್ಲವನ್ನೂ ರಘೋತ್ತಮ ಅವನ ಮುಂದೆ ಸುರಿದ. ಮುಂದಿನ ತಪ್ಪು ಯಾವುದಿರಬೇಕು ಎಂದು ಯೋಚಿಸುವುದರಲ್ಲಿ ಉಳಿದ ಇಪ್ಪತ್ತೊಂಬತ್ತು ದಿನ ಕಳೆಯುತ್ತಿದ್ದವು.

“ನಿಮ್ಮ ಗಾಡಿಗೆ ದೃಷ್ಟಿ ಆಗೇತ್ರಿ ಸರ. ಒಂದು ಲಿಂಬಿಹಣ್ಣ ಕಟ್ರಿ,” ಎಂದು ನಜೀಬ್ ಫೆಬ್ರವರಿಯಲ್ಲಿ ಗೇಲಿ ಮಾಡಿದ. ಆಮೇಲೆ ಡ್ಯಾಶ್‌ಬೋರ್ಡ್ ಕಡೆ ಕಣ್ಣುಹಾಯಿಸಿ, “ಓಡ್ಸೋದೂ ಭಾಳ ಇಲ್ಲಲ್ರಿ. ಹ್ವಾದ ತಿಂಗಳಿಂದ ಮೂವತ್ತು ಮೈಲೂ ಆಗಿಲ್ಲ,” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ರಘೋತ್ತಮ ತಟ್ಟನೆ, “ಚಳಿ ಅಲ್ವಾ, ಚಳೀಲಿ ವೈರ್ ಗಟ್ಟಿಯಾಗಿಬಿಡುತ್ತೆ, ನಿಂತಲ್ಲೇ ಕೆಡುತ್ತೆ” ಎಂದು ಬಡಬಡಿಸಿದ. ನಜೀಬ್ ಸಾಮಾನು ಎತ್ತಿಕೊಂಡು ಹೊರಟ. ಅವನ ವ್ಯಾನು ತಿರುವು ದಾಟಿ ಹೋಗುವವರೆಗೂ ರಘೋತ್ತಮನಿಗೆ ಹೆದರಿಕೆ ಹೋಗಲಿಲ್ಲ. ಇವನಿಗೆ ಗೊತ್ತಾದರೆ ಇವನು ಬರುವುದು ನಿಲ್ಲುತ್ತದೆ. ಇವನೂ ನಿಂತರೆ ಈ ಮನೆಯ ಬಾಗಿಲಿಗೆ ಬರುವವರು ಇನ್ನು ಯಾರೂ ಇಲ್ಲ. ಹಾಗಾಗಿ ಮುಂದಿನ ಸಲದ ತಪ್ಪು ನಿಜವಾದ ತಪ್ಪಿನ ಹಾಗೇ ಇರಬೇಕು ಎಂದು ನಿಶ್ಚಯಿಸಿದ.

ಮಾರ್ಚಿನಲ್ಲಿ ಎಡಬದಿಯ ಪ್ಯಾನೆಲ್ ಬಿಚ್ಚಿ, ಟ್ಯೂನರಿಗೆ ಕರೆಂಟು ಕೊಡುವ ತಂತಿಯನ್ನೇ ಕತ್ತರಿಸಿಬಿಟ್ಟ. ಎಲ್ಲೋ ಉಜ್ಜಿ ಉಜ್ಜಿ ತುಂಡಾದಂತೆ ಕಾಣಲಿ ಎಂದು ತುದಿಯನ್ನು ಕಲ್ಲಿಗೆ ತಿಕ್ಕಿದ. ಇಷ್ಟಕ್ಕೇ ಬಿಟ್ಟಿದ್ದರೆ ಗೆದ್ದಿದ್ದ. ಆದರೆ ಹೊದಿಕೆಯಿಲ್ಲದ ತಂತಿಯ ತುದಿ ಗಾಡಿಯ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ, ಕಿಡಿ ಹಾರುತ್ತದೆ. ಪ್ಯಾನೆಲ್ ಮುಚ್ಚಲು ಹೋದ ಕೈ ತಡೆಯಿತು. ಹಾಗೆ ಬಿಡಲು ಅವನ ಜೀವ ಒಪ್ಪಲಿಲ್ಲ. ಟೇಪು ತಂದ, ಸುತ್ತಿದ, ಮುಚ್ಚಿದ, ನಿಶ್ಚಿಂತನಾದ. ಕನ್ನ ಹಾಕಿದ ಕಳ್ಳ ಹೋಗುವ ಮುಂಚೆ ಬಾಗಿಲು ಸಾರಿಸಿ ರಂಗೋಲಿ ಇಟ್ಟು ಹೋದ ಹಾಗಾಯಿತು. ಅವನಿಗೆ ಅದು ತಪ್ಪೆಂದು ಹೊಳೆಯಲೂ ಇಲ್ಲ. ನಾವು ಉಸಿರಾಡಿದ್ದನ್ನು ಎಣಿಸುತ್ತೇವೆಯೇ?

ಫೋನು ಮಾಡಿದಾಗ ನಜೀಬ್, “ನಾಳೆ ಆಗಂಗಿಲ್ರಿ ಸರ. ಶುಕ್ರವಾರ ಬರ್ಲಿ?” ಎಂದು ಕೇಳಿದ.

ನಾಳೆ ಬುಧವಾರ. ಒಂದು ತಿಂಗಳು ಕಾದ ಬುಧವಾರ. ರಘೋತ್ತಮನ ಬಾಯಿಂದ ಸುಳ್ಳು ತಾನಾಗಿ ಹೊರಟಿತು. “ಅಯ್ಯೋ, ಗುರುವಾರ ಬೆಳಗ್ಗೇನೇ ಲಿಸ್ಲ್‌ಗೆ ಹೊರಡ್ಬೇಕು ನಜೀಬ್. ಮಗಳಿಗೆ ಹುಷಾರಿಲ್ಲ. ಐದು ಗಂಟೆ ಒಬ್ನೇ ಡ್ರೈವ್ ಮಾಡ್ಬೇಕು, ರೇಡಿಯೋ ಇಲ್ದಿದ್ರೆ ನಿದ್ದೆ ಹತ್ತಿಬಿಡುತ್ತೆ.”

“ಹುಷಾರಿಲ್ಲೇನ್ರಿ ಮಗಳಿಗೆ? ಹಂಗಾರ ಬರ್ತೀನಿ. ಎರಡು ಗಂಟೆಕ್ಕ.”

ಬಂದ. ಅವತ್ತು ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದಿದ್ದ, ಅದರ ಮೇಲೆಯೇ ಕೆಲಸದ ಕೋಟು ಹಾಕಿದ್ದ. ಟೀ ಬೇಡ ಎಂದ. ಗಡಿಯಾರ ನೋಡುತ್ತಲೇ ಪ್ಯಾನೆಲ್ ಬಿಚ್ಚಿ ಟಾರ್ಚು ಹಿಡಿದ. ರಘೋತ್ತಮ ಪಕ್ಕದಲ್ಲಿ ನಿಂತು, ಹಳೆಯ ಕಂಪನಿಯವರು ಮತ್ತೆ ಆಳು ತೆಗೆದುಕೊಳ್ಳುತ್ತಾರಂತೆ ಎಂಬ ಕಥೆ ಶುರುಮಾಡಿದ್ದ. ಅರ್ಧದಲ್ಲಿ ಅವನಿಗೆ ಗೊತ್ತಾಯಿತು, ಹೂಂಗುಟ್ಟುವ ದನಿ ನಿಂತಿದೆ.

ನಜೀಬ್ ತಂತಿಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದ. ಟೇಪಿನ ಮಡಿಸಿದ ಅಂಚಿಗೆ ಉಗುರು ಹಾಕಿದ, ಸುಲಭವಾಗಿ ಬಿಚ್ಚಿಬಂತು. ಟಾರ್ಚು ಆರಿಸಿ ಎದ್ದು ನಿಂತ.

“ಸರ, ಇಂಥಾ ಟೇಪ್ ಈ ಅಮೆರಿಕಾದಾಗ ಒಬ್ಬರ ಸುತ್ತತಾರ್ರಿ.”

ರಘೋತ್ತಮ ಒಂದು ಹೆಜ್ಜೆ ಹಿಂದೆ ಸರಿದ.

“ಫ್ಯೂಸೂ ನೀವ ಇಟ್ಟಿದ್ರಿ. ಬೋಲ್ಟೂ ನೀವ ಸಡ್ಲ ಮಾಡಿದ್ರಿ. ಹೌದಲ್ರಿ? ಮಗಳಿಗೆ ಹುಷಾರಿಲ್ಲ ಅಂದದ್ದೂ ಸುಳ್ಳ?”

ರಘೋತ್ತಮ ತಲೆ ತಗ್ಗಿಸಿದ.

“ಮೂರು ಗಂಟೆಕ್ಕ ನನ್ನ ಮಗಳ ಸಾಲ್ಯಾಗ ಪ್ರೋಗ್ರಾಮ್ ಐತ್ರಿ ಇವತ್ತ. ಎರಡು ತಿಂಗಳಿಂದ ಅಬ್ಬಾ ನೀ ಬರ್ಬೇಕು, ಬರ್ಬೇಕು ಅಂತ ಹೇಳಾಕತ್ತಿದ್ಲು. ನನ್ನ ಹೆಂಡ್ತಿ ಅಬಿದಾಗ ಹೇಳ್ದೆ, ನೀ ಹೋಗು, ಅಲ್ಲೊಬ್ರು ಸರಗೆ ಭಾಳ ತ್ರಾಸ ಆಗೇತಿ ಅಂತ.”

“ನಿಮಗೆ... ಮಗಳಿದ್ದಾಳಾ?” ರಘೋತ್ತಮನ ಬಾಯಿಂದ ಅದು ಬಂದೇಬಿಟ್ಟಿತು.

ನಜೀಬನ ಕಣ್ಣು ಕೆಂಪಾದವು. “ಅದ ನೋಡ್ರಿ! ಇದು ಐದನೇ ಸಲಾ ಬರೋದು. ನಿಮ್ಮ ಮಗಳ ಗ್ರೇಡ್ ಗೊತ್ತೈತಿ ನಂಗ, ನಿಮ್ಮ ದೋಸ್ತನ ಹೆಸರ ಗೊತ್ತೈತಿ. ನಜೀಬಾ, ನಿಂಗ ಮಕ್ಕಳೆಷ್ಟು ಅಂತ ಒಂದ ಸಲಾ ಕೇಳೀರೇನ್ರಿ? ಈ ಬಾಗಲಾ ದಾಟಿ ಒಳಗ ಬಾ ಅಂದೀರೇನ್ರಿ? ಎಂಥಾ ಥಂಡ್ಯಾಗ ಇಲ್ಲೇ ಕುಂದ್ರಸೀರಿ. ನಾನೂ ತಿಳ್ಕೊಂಡಿದ್ದೆ ಬಿಡ್ರಿ. ದೊಡ್ಡ ಮಡಿ ಮಂದಿ, ನಮ್ಮಂಥಾ ಸಾಬರನ್ನ ಅಡಗಿಮನಿ ದಾಟಿ ಬಿಟ್ಕೊಳ್ಳಂಗಿಲ್ಲ. ಇರ್ಲಿ ಅಂತ ಸುಮ್ನಿದ್ದೆ. ಆದ್ರ ಮನಷ್ಯಾನ ಹಿಂಗ ಆಟಾ ಆಡಸ್ಬಾರ್ದ್ರಿ.”

ರಘೋತ್ತಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಬಚ್ಚಿಡಲು ಮುಚ್ಚಿದ್ದ ಬಾಗಿಲನ್ನು ಈ ಮನುಷ್ಯ ಐದು ತಿಂಗಳು ಹೀಗೆ ಓದಿಕೊಂಡಿದ್ದ! ಅವಮಾನವನ್ನು ನುಂಗಿ ನುಂಗಿ ಟೀ ಕುಡಿದಿದ್ದ! ಇಲ್ಲ ನಜೀಬ್, ಹಾಗಲ್ಲ ಎಂದು ಹೇಳಲು ಹೋದ. ನಜೀಬ್ ಆಗಲೇ ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ. ಇನ್ನೊಂದು ನಿಮಿಷ ತಡೆದರೆ ಅವನು ಹೋಗುತ್ತಾನೆ, ಮನಸ್ಸಿನಲ್ಲಿ ಈ ಮಾತನ್ನೇ ಇಟ್ಟುಕೊಂಡು ಹೋಗುತ್ತಾನೆ. ರಘೋತ್ತಮ ಮೂರು ಹೆಜ್ಜೆಯಲ್ಲಿ ಒಳಬಾಗಿಲಿಗೆ ಹೋಗಿ ಅದನ್ನು ಪೂರಾ ತೆರೆದು ನಿಂತ.

“ಬನ್ನಿ,” ಎಂದ. “ದಯವಿಟ್ಟು. ಒಂದ್ಸಲ ನೋಡಿಬಿಟ್ಟು ಹೋಗಿ.”

ನಜೀಬ್ ಬೂಟು ಬಿಚ್ಚಿ ಒಳಗೆ ಬಂದ. ಅಡಿಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಹಜಾರದಲ್ಲಿ ಕೂರಲು ಏನೂ ಇಲ್ಲ. ಗೋಡೆಯ ಬದಿಗೆ ಹಾಸಿಗೆ. ತಲೆಯ ಬಳಿ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಲ್ಯಾಪ್‌ಟಾಪು. ಸೋಫಾ ಇದ್ದ ಕಡೆ ಕಾರ್ಪೆಟ್ಟಿನಲ್ಲಿ ನಾಲ್ಕು ಗುಳಿಗಳು. ಮಾತಾಡಿದರೆ ದನಿ ಖಾಲಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ನಜೀಬ್ ಕತ್ತು ತಿರುಗಿಸಿ ಎಲ್ಲವನ್ನೂ ನೋಡಿದ.

“ಎಷ್ಟು ತಿಂಗಳಾತ್ರಿ ಹಿಂಗ?”

“ಎಂಟು. ಕೂತ್ಕೊಳ್ಳಿ ಅನ್ನೋಕೆ ಏನೂ ಇರ್ಲಿಲ್ಲ ನಜೀಬ್. ಅದಕ್ಕೆ... ನಾಚಿಕೆಗೆ. ನಿಮ್ಮ ಜಾತಿಗಲ್ಲ.”

“ಮನಿಯವ್ರಿಗೆ ಗೊತ್ತೈತೇನ್ರಿ?”

“ಸಾಮಾನು ತಗೊಂಡು ಹೋದೋಳೇ ಅವಳಲ್ವಾ.”

“ಸಾಮಾನಿನ ಮಾತಲ್ರಿ ನಾ ಕೇಳಿದ್ದು.” ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ತಂತಿ ಕತ್ತರಿಸಿ ಮಂದೀನ ಕರಸಾಕತ್ತೀರಲ್ಲ, ಅದು.”

ರಘೋತ್ತಮ ಇಲ್ಲವೆಂದು ತಲೆಯಾಡಿಸಿದ. ನಜೀಬ್ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಕೈಗಡಿಯಾರದಲ್ಲಿ ಮೂರಾಗಲು ಹತ್ತು ನಿಮಿಷವಿತ್ತು. ಅವನು ಆ ಕಡೆ ನೋಡಿ, ಇನ್ನು ಮುಟ್ಟುವುದಿಲ್ಲ ಎಂದು ತನಗೇ ಹೇಳಿಕೊಂಡು, “ಫೋನ್ ಹಚ್ರಿ,” ಎಂದ. “ಈಗ. ನಾ ಇಲ್ಲೇ ಕುಂತಿರ್ತೀನಿ.”

ಛಾಯಾ ಎರಡನೇ ರಿಂಗಿಗೇ ಎತ್ತಿಕೊಂಡಳು. ಕೆಲಸದ ಹೊತ್ತಿನಲ್ಲಿ ಅವನು ಎಂದೂ ಫೋನು ಮಾಡಿದವನಲ್ಲ. “ಏನ್ರೀ? ಏನಾಯ್ತು? ಪೈಪ್ ಒಡೆದ್ಹೋಯ್ತಾ?”

“ಪೈಪ್ ಸರಿಯಾಗಿದೆ ಕಣೆ.” ಅಷ್ಟು ಹೇಳಿ ನಿಂತ. ಎದುರಿಗೆ ನಜೀಬ್ ನೆಲ ನೋಡುತ್ತಿದ್ದ. “ನಂಗೇ ಸರಿಯಿಲ್ಲ ಛಾಯಾ. ಒಬ್ಬನೇ ಇರಕ್ಕೆ ಆಗ್ತಾ ಇಲ್ಲ. ಆಗ್ತಾನೇ ಇಲ್ಲ.”

ಆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ತೆರೆದ ಸದ್ದು. ಮೆಟ್ಟಿಲ ಬಳಿಯೋ ಎಲ್ಲೋ ಹೋಗಿ ನಿಂತು ಅವಳು ಮಾತಾಡಿದಳು.

“ನಿಮ್ಮ ಬರೆಯೋ ಟೇಬಲ್ಲು ಕಿಟಕಿ ಹತ್ರ ಹಾಕಿದೀನಿ ಕಣ್ರೀ, ಆಗಸ್ಟಿಂದ. ಜಾಗ ಸಾಲಲ್ಲ, ತೆಗಿ ಅಮ್ಮ ಅಂತಾಳೆ ನಿಹಾರಿಕಾ. ಅದರ ಮೇಲೆ ಒಂದು ಕಾಗದಾನೂ ಇಡಕ್ಕೆ ಬಿಟ್ಟಿಲ್ಲ ನಾನು.”

“ಬನ್ನಿ ಅಂತ ಯಾಕೆ ಕರೀಲಿಲ್ಲ?”

“ಕರೆದಿದ್ರೆ, ಕೆಲಸ ಇಲ್ಲದೋನಿಗೆ ಕರುಣೆ ತೋರಿಸ್ತಾಳೆ ಅಂತಿದ್ರಿ. ನಿಮ್ಮನ್ನ ನಂಗೆ ಗೊತ್ತಿಲ್ವಾ? ದಿನ ಬಿಟ್ಟು ದಿನ ಆ ಹಾಳು ಫರ್ನೇಸನ್ನ ವಿಚಾರಿಸಿಕೊಂಡು ಕೂತಿದೀನಿ, ನೀವಾಗಿ ಯಾವಾಗ ಹೇಳ್ತೀರೋ ಅಂತ. ಮನೆ ಹೋದ್ರೆ ಹೋಗ್ಲಿ. ಬಂದ್ಬಿಡಿ.”

ಫೋನು ಇಟ್ಟ ಮೇಲೆ ರಘೋತ್ತಮ ಗೋಡೆಗೆ ಒರಗಿ ಹಾಗೇ ಕುಸಿದು ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತ. ಐವತ್ತಾರು ವರ್ಷದ ಗಂಡಸು, ಮಕ್ಕಳ ಹಾಗೆ ಬಿಕ್ಕಿದ. ನಜೀಬ್ ತಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

“ಏನಂದ್ರು?”

“ಬಾ ಅಂದ್ಳು.”

“ಮತ್ತ ಅಳೋದ್ಯಾಕ್ರಿ?”

ರಘೋತ್ತಮ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅವನ ಕಡೆ ತಿರುಗಿ ಕೂತ.

“ನಿಮ್ಮ ಮಗಳ ಹೆಸರೇನು ನಜೀಬ್?”

“ಜುವೇರಿಯಾ,” ಎಂದ ನಜೀಬ್. ಆಮೇಲೆ, ಕೇಳದಿದ್ದರೂ, ಅವಳಿಗೆ ಹನ್ನೊಂದು ವರ್ಷ ಎಂದೂ, ಇವತ್ತು ಸ್ಟೇಜಿನ ಮೇಲೆ ಕೊಳಲು ನುಡಿಸುತ್ತಿದ್ದಾಳೆ ಎಂದೂ ಹೇಳಿದ.